ಕೂಸಿನ ಕಣ್ಣಿಗೆ ಕಾಡಿಗೆ ಬೇಡ

ಸಕಲೇಶಪುರ

ಪ್ರೀತಿಯ ಪುಟ್ಟಿ,

ಹೆರಿಗೆಗೆ ಇನ್ನು ಮೂರು ವಾರ ಅಂದೆಯಲ್ಲ. ಮೂಡಿಗೆರೆಯಲ್ಲಿ ಮಳೆ ಹಿಡಿದರೆ ಫೋನೂ ಸಿಗುವುದಿಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಬಾಣಂತನದ ಬುದ್ಧಿ ಹೇಳುವವರು ನಿನಗೆ ಜಾಸ್ತಿಯೇ ಇದ್ದಾರೆ. ನನ್ನದು ಕೂಸಿನ ಕಣ್ಣಿನ ಮಾತು ಮಾತ್ರ.

ನನ್ನ ಮಗ, ನಿನ್ನ ಅಣ್ಣ, ಹುಟ್ಟಿದ ಮೂರನೇ ದಿನ ಎರಡೂ ಕಣ್ಣು ಊದಿಕೊಂಡಿತು. ರೆಪ್ಪೆ ಬಿಡಿಸಿದರೆ ಹಳದಿ ಕೀವು. ಅತ್ತೆ ಎದೆಹಾಲು ಬಿಡು ಅಂದರು, ಬಿಟ್ಟೆ. ಪಕ್ಕದ ಮನೆಯವರು ಹರಳೆಣ್ಣೆ ಕಾಡಿಗೆ ಅಂದರು, ಅದನ್ನೂ ಹಚ್ಚಿದೆ. ಒಂದೂವರೆ ದಿನ ಸುಮ್ನೆ ಕಳೆಯಿತು. ಆಮೇಲೆ ಹಾಸನಕ್ಕೆ ಓಡಿದೆವು. ಕರಿಗುಡ್ಡೆಗೆ ಹುಣ್ಣಾದರೆ ಕಣ್ಣೇ ಹೋಗುತ್ತಿತ್ತು ಎಂದು ಡಾಕ್ಟರ್ ಬೈದರು. ಕೀವನ್ನು ಪರೀಕ್ಷೆಗೆ ಕಳಿಸಿ, ಇಂಜೆಕ್ಷನ್ ಕೊಟ್ಟು ಉಳಿಸಿದರು.

ಅದು ಗೊನೋರಿಯಾ, ಲೈಂಗಿಕ ಸಂಪರ್ಕದಿಂದ ಅಂಟುವ ರೋಗ. ಕೂಸಿಗೆ ನನ್ನಿಂದಲೇ ಅಂಟಿತ್ತು, ಹುಟ್ಟುವ ದಾರಿಯಲ್ಲಿ. ನನಗೆ ಒಂದು ಲಕ್ಷಣವೂ ಇರಲಿಲ್ಲ. ನಿನ್ನಮ್ಮನಿಗೂ ಇದನ್ನು ಹೇಳಿಲ್ಲ. ನಿನ್ನ ದೊಡ್ಡಪ್ಪ, ನಾನು ಇಬ್ಬರೂ ಔಷಧಿ ತಗೊಂಡೆವು, ಮನೆಯಲ್ಲಿ ಒಂದು ವಾರ ಮಾತಿರಲಿಲ್ಲ. ನಿನಗೆ ಬಿಳಿಸೆರಗು, ಉರಿ ಏನಾದರೂ ಇದ್ದರೆ ನಾಚದೆ ಈಗಲೇ ಡಾಕ್ಟರಿಗೆ ಹೇಳು, ಹೆರಿಗೆಗೆ ಮುಂಚೆಯೇ ವಾಸಿಮಾಡಬಹುದು.

ಗೊನೋರಿಯಾ ಸಾಮಾನ್ಯವಾಗಿ ಕೂಸು ಹುಟ್ಟಿದ 2ರಿಂದ 5 ದಿನದೊಳಗೆ ಕಣ್ಣಲ್ಲಿ ಕಾಣುತ್ತದೆ. ಕ್ಲಮೈಡಿಯಾ ಎಂಬ ಅಂಥದೇ ಇನ್ನೊಂದು ಸೋಂಕು 5ರಿಂದ 14 ದಿನಕ್ಕೆ. ಅದು ಶ್ವಾಸಕೋಶಕ್ಕೂ ಇಳಿಯಬಹುದು, ಹಾಗಾಗಿ ಕಣ್ಣಿಗೆ ಹನಿ ಹಾಕಿದರೆ ಸಾಲದು, ಬಾಯಿಗೂ ಔಷಧಿ ಬೇಕು. ಕೊಳೆ ಕೈಯಿಂದ ಬರುವ ಮಾಮೂಲಿ ಸೋಂಕೂ ಉಂಟು. ಯಾವುದೆಂದು ನೋಡಿದರೆ ತಿಳಿಯುವುದಿಲ್ಲ. ಮೊದಲ ತಿಂಗಳಲ್ಲಿ ಕಣ್ಣು ಕೆಂಪಾಗಿ, ಊದಿ, ಕೀವು ಬಂದರೆ ಅವತ್ತೇ ಆಸ್ಪತ್ರೆ. ರಾತ್ರಿಯಾದರೂ ಸರಿ, 108 ಇದೆಯಲ್ವಾ.

ಬರೀ ನೀರು ಸೋರಿ, ಬೆಳಗ್ಗೆ ಸ್ವಲ್ಪ ಗೀಜು ಕಟ್ಟುತ್ತಿದ್ದು, ಕಣ್ಣು ಬೆಳ್ಳಗಿದ್ದರೆ ಅದು ಹೆಚ್ಚಾಗಿ ಕಣ್ಣೀರಿನ ನಾಳ ತೆರೆಯದೇ ಇರುವುದು. ಒಂದು ವರ್ಷದೊಳಗೆ ಬಹಳಷ್ಟು ಮಕ್ಕಳಿಗೆ ತಾನೇ ಸರಿಹೋಗುತ್ತದೆ. ಮೂಗಿನ ಪಕ್ಕ ಒತ್ತಿ ನೀವುವುದನ್ನು ಡಾಕ್ಟರ್ ತೋರಿಸಿಕೊಡುತ್ತಾರೆ. ಇದನ್ನೂ ಒಮ್ಮೆ ತೋರಿಸಿಬಿಡು.

ಒರೆಸುವುದು ಕುದಿಸಿ ಆರಿಸಿದ ನೀರಲ್ಲಿ, ಕೈ ತೊಳೆದು. ಮೂಗಿನ ಕಡೆಯಿಂದ ಹೊರಗೆ. ಪ್ರತಿ ಸಲ ಹೊಸ ಹತ್ತಿ. ಆಶಾ ಕಾರ್ಯಕರ್ತೆ ಬಂದಾಗ ಕಣ್ಣನ್ನೂ ನೋಡಲು ಹೇಳು.

ನಿನ್ನಮ್ಮ ದೃಷ್ಟಿ ಬೊಟ್ಟಿಗೆ ಹಟ ಮಾಡಿದರೆ ಅಂಗಾಲಿಗೆ ಇಡಲಿ ಬಿಡು. ಎರಡು ಹಳೇ ಕಾಟನ್ ಸೀರೆ ಒಗೆದಿಟ್ಟಿದ್ದೇನೆ, ಆ ಕಡೆ ಬರುವವರ ಕೈಲಿ ಕಳಿಸುತ್ತೇನೆ.

ಇಂತಿ,
ದೊಡ್ಡಮ್ಮ