ಬಾವಿಗಿಂತ ನಲ್ಲಿಯ ಮೇಲೆ ಕಣ್ಣು

ಯುಗಾದಿ ಸಂಚಿಕೆಯ ಸಂಪಾದಕೀಯದಲ್ಲಿ ಹಬ್ಬದ ಮಾತಿರಬೇಕು ಎಂಬುದು ನಮ್ಮ ಸಂಘದ ರೂಢಿ. ಈ ಸಲ ಅದನ್ನು ಬಿಟ್ಟು ಬೇರೆ ವಿಷಯ ಎತ್ತಿಕೊಂಡಿದ್ದೇನೆ. ಕಳೆದ ಸಂಚಿಕೆಯ ನಂತರ ಬಂದ ಓದುಗರ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳಿದ್ದವು: ಸರ್ಕಾರಗಳು ಯುದ್ಧಕ್ಕೆ ಹೋಗುವುದು ತೈಲಕ್ಕಾಗಿಯೇ? ‘ಇದರಲ್ಲಿ ಕೇಳುವುದೇನಿದೆ, ಎಲ್ಲವೂ ಎಣ್ಣೆಗಾಗಿಯೇ’ ಎಂದು ಒಬ್ಬರು ಬರೆದಿದ್ದಾರೆ. ‘ದುಡ್ಡು ಕೊಟ್ಟರೆ ಮಾರುಕಟ್ಟೆಯಲ್ಲಿ ಸಿಗುವ ವಸ್ತುವಿಗೆ ಯಾರಾದರೂ ರಕ್ತ ಹರಿಸುತ್ತಾರೆಯೇ’ ಎಂಬುದು ಇನ್ನೊಬ್ಬರ ವಾದ. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ತೈಲ ಕೊಳ್ಳೆ ಹೊಡೆದು ಲಾಭ ಮಾಡಿಕೊಳ್ಳಲೆಂದೇ ಹೊರಟ ಯುದ್ಧಗಳು ಕಡಿಮೆ. ಆದರೆ ತೈಲ ಇನ್ನೊಬ್ಬರ ಹಿಡಿತಕ್ಕೆ ಹೋದೀತು ಎಂಬ ಭಯದಿಂದ ಸೈನ್ಯ ಕಳಿಸಿದ ಉದಾಹರಣೆಗಳಿಗೆ ಕೊರತೆಯಿಲ್ಲ.

ನಾವು ಬದುಕು ಕಟ್ಟಿಕೊಂಡಿರುವ ಬ್ರಿಟನ್ನಿನ ಚರಿತ್ರೆಯನ್ನೇ ನೋಡಿ. ನೌಕಾಪಡೆಯ ಹಡಗುಗಳನ್ನು ಕಲ್ಲಿದ್ದಲಿನಿಂದ ತೈಲಕ್ಕೆ ಬದಲಿಸಲು ಹೊರಟ ಆಗಿನ ನೌಕಾಮಂತ್ರಿ ಚರ್ಚಿಲ್‌ಗೆ ಒಂದು ತೊಡಕು ಎದುರಾಯಿತು. ಕಲ್ಲಿದ್ದಲು ಮನೆಯಂಗಳದ ವೇಲ್ಸ್‌ನಲ್ಲಿತ್ತು, ತೈಲ ದೂರದ ಪರ್ಷಿಯಾದಲ್ಲಿ, ಅಂದರೆ ಇಂದಿನ ಇರಾನಿನಲ್ಲಿತ್ತು. 1914ರಲ್ಲಿ, ಮಹಾಯುದ್ಧಕ್ಕೆ ಕೆಲವೇ ವಾರಗಳಿರುವಾಗ, ಬ್ರಿಟಿಷ್ ಸರ್ಕಾರ ಆಂಗ್ಲೋ-ಪರ್ಷಿಯನ್ ತೈಲ ಕಂಪನಿಯ ಶೇ. 51ರಷ್ಟು ಪಾಲು ಕೊಂಡುಕೊಂಡಿತು. ಇವತ್ತಿನ ಬಿಪಿ ಕಂಪನಿಯ ಮೂಲ ಅದೇ. ಆ ವರ್ಷದ ನವೆಂಬರ್‌ನಲ್ಲಿ ಇರಾಕಿನ ತುದಿಯ ಫಾವ್‌ನಲ್ಲಿ ಇಳಿದ ಪಡೆ ಹೊರಟದ್ದು ಭಾರತದಿಂದ. ಪಕ್ಕದ ಪರ್ಷಿಯಾದ ಅಬಾದಾನಿನ ತೈಲ ಸಂಸ್ಕರಣಾಗಾರವನ್ನು ಕಾಯುವುದು ಅದರ ಕೆಲಸಗಳಲ್ಲೊಂದು. ಮಹಾಯುದ್ಧ ಶುರುವಾದದ್ದು ತೈಲಕ್ಕಲ್ಲ, ನಿಜ. ಆದರೆ ಕಾಯಲು ಹೋದ ಪಡೆ ಕಾಯುವುದಕ್ಕೇ ನಿಲ್ಲಲಿಲ್ಲ, ಬಾಗ್ದಾದಿನ ಕಡೆ ನಡೆಯಿತು. 1916ರ ಏಪ್ರಿಲ್‌ನಲ್ಲಿ ಕುತ್ ಎಂಬಲ್ಲಿ ಸುಮಾರು 13,000 ಮಂದಿ ಹಸಿವಿನಿಂದ ಕಂಗೆಟ್ಟು, ಆಗ ಇರಾಕನ್ನು ಆಳುತ್ತಿದ್ದ ತುರ್ಕರಿಗೆ ಶರಣಾದರು. ಅವರಲ್ಲಿ ಹೆಚ್ಚಿನವರು ಭಾರತೀಯರು. 1918ರ ಅಕ್ಟೋಬರ್ 30ರಂದು ತುರ್ಕರೊಂದಿಗೆ ಕದನವಿರಾಮಕ್ಕೆ ಸಹಿ ಬಿದ್ದ ಮೇಲೂ ಬ್ರಿಟಿಷ್ ಪಡೆ ಮುಂದುವರಿದು ಮೊಸುಲ್ ಹಿಡಿಯಿತು. ಮೊಸುಲ್ ಸೀಮೆಯಲ್ಲಿ ತೈಲವಿದೆಯೆಂಬುದು ಆಗಲೇ ಎಲ್ಲರಿಗೂ ಗೊತ್ತಿದ್ದ ಮಾತು.

ಕೊಡಗಿನವನಾದ ನನಗೆ ಈ ಚರಿತ್ರೆ ಹೊರಗಿನದೆನಿಸುವುದಿಲ್ಲ. ಶನಿವಾರಸಂತೆಯಲ್ಲಿ ಹುಟ್ಟಿದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಯುವ ಅಧಿಕಾರಿಯಾಗಿ ಕಾಲಿಟ್ಟದ್ದು ಇದೇ ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಅವರು ಮತ್ತೆ ಇರಾಕ್, ಸಿರಿಯಾ, ಇರಾನ್‌ಗಳಲ್ಲಿದ್ದರು. 1941ರ ಆಗಸ್ಟ್‌ನಲ್ಲಿ ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಕೂಡಿ ಇರಾನಿಗೆ ನುಗ್ಗಿದಾಗ ಅಬಾದಾನನ್ನು ವಶಪಡಿಸಿಕೊಂಡದ್ದೂ ಭಾರತೀಯ ಸೈನಿಕರೇ. ತೈಲ ಪರ್ಷಿಯಾದ್ದು, ಹಡಗು ಬ್ರಿಟನ್ನಿನದು, ಜೀವ ನಮ್ಮ ಹಳ್ಳಿಗಳದ್ದು. ಈ ಮಾತನ್ನು ನಮ್ಮ ಮಕ್ಕಳಿಗೆ ಇಲ್ಲಿನ ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ನಾವೇ ಹೇಳಬೇಕು.

ಸುಂಟಿಕೊಪ್ಪದ ಬಳಿ ನಮ್ಮ ತೋಟಕ್ಕೆ ತಾಗಿದ ತೋಟದವರು ಸುಬೇದಾರರಾಗಿ ನಿವೃತ್ತರಾದವರು. ನಂಟಸ್ತಿಕೆ ಇಲ್ಲದಿದ್ದರೂ ಚಿಕ್ಕಂದಿನಿಂದ ಅವರನ್ನು ಮಾವ ಎಂದೇ ಕರೆದು ಅಭ್ಯಾಸ. ಈ ಫೆಬ್ರವರಿಯಲ್ಲಿ ಊರಿಗೆ ಹೋದಾಗ ಅವರ ರೊಬಸ್ಟಾ ಕಾಫಿ ತೋಟಕ್ಕೆ ನೀರು ಬಿಡುವ ಗಡಿಬಿಡಿ ನಡೆದಿತ್ತು. ಕಾಫಿ ಹೂ ಅರಳಿಸುವ ಹೂಮಳೆಯನ್ನೇ ನಂಬಿ ಕೂರುವ ಕಾಲ ಹೋಯಿತು. ಮೊಗ್ಗು ಬಲಿತ ಹದಕ್ಕೆ ಸರಿಯಾಗಿ ಸ್ಪ್ರಿಂಕ್ಲರ್ ಓಡದಿದ್ದರೆ ಮುಂದಿನ ಫಸಲಿಗೆ ಪೆಟ್ಟು. ಕೆರೆ ಏರಿಯ ಮೇಲೆ ಡೀಸೆಲ್ ಪಂಪು, ಅಲ್ಲಿಂದ ಗಿಡಗಳ ಸಾಲಿನ ನಡುವೆ ಪೈಪು, ಜೆಟ್ ಒಂದು ಸುತ್ತು ಬಂದಾಗಲೆಲ್ಲ ಸಿಲ್ವರ್ ಓಕ್ ಮರದ ಕಾಂಡಕ್ಕೆ ನೀರು ರಪ್ಪನೆ ಬಡಿಯುವ ಸದ್ದು. ರಾತ್ರಿಯೂ ಓಡಿಸಬೇಕಾದ್ದರಿಂದ ಕ್ಯಾನುಗಳಲ್ಲಿ ಡೀಸೆಲ್ ತುಂಬಿಸಿ ತಂದಿಟ್ಟಿದ್ದರು. ಕ್ಯಾನು ಬಗ್ಗಿಸಿ ಟ್ಯಾಂಕಿಗೆ ಸುರಿಯುತ್ತಿದ್ದವರ ಹತ್ತಿರ ನಾನು ಓದುಗರ ಪ್ರಶ್ನೆಯನ್ನು ಎತ್ತಿದೆ.

“ನಾನು ಮಲಕಾಲ್‌ನಲ್ಲಿದ್ದೆನಲ್ಲ, ವಿಶ್ವಸಂಸ್ಥೆ ಡ್ಯೂಟಿಯಲ್ಲಿ, ದಕ್ಷಿಣ ಸುಡಾನ್” ಎಂದರು ಮಾವ. “ಆ ನೆಲದಡಿ ಎಣ್ಣೆ ತುಂಬಿದೆ. ನಮ್ಮ ಕ್ಯಾಂಪಿನ ಜನರೇಟರಿಗೆ ಮಾತ್ರ ಡೀಸೆಲ್ ಹೊರಗಿಂದಲೇ ಬರ್ಬೇಕು. ಬಾವಿ ಇವರದ್ದು, ಪೈಪು ಅವರದ್ದು. ಇವರಿಲ್ಲದೆ ಅವರಿಗಿಲ್ಲ, ಅವರಿಲ್ಲದೆ ಇವರಿಗಿಲ್ಲ. ಆದ್ರೂ ಒಬ್ಬರು ನಲ್ಲಿ ತಿರುಗಿಸಿದ್ರೆ ಇನ್ನೊಬ್ಬರು ಬಂದೂಕು ಎತ್ತಿದ್ರು. ಎಣ್ಣೆ ಸಿಗ್ಲಿ ಅಂತ ಅಲ್ಲಪ್ಪ. ನಲ್ಲಿ ಯಾರ ಕೈಲಿರ್ಬೇಕು ಅಂತ.”

ನಾನು ಎಷ್ಟೋ ವಿಶ್ಲೇಷಣೆಗಳನ್ನು ಓದಿದ್ದೇನೆ, ಇಷ್ಟು ನೇರವಾಗಿ ಹೇಳಿದವರು ಕಡಿಮೆ. ದಕ್ಷಿಣ ಸುಡಾನ್ 2011ರ ಜುಲೈಯಲ್ಲಿ ಸ್ವತಂತ್ರವಾದಾಗ ಹಳೆಯ ಸುಡಾನಿನ ತೈಲದ ಮುಕ್ಕಾಲು ಪಾಲು ಅದಕ್ಕೆ ಬಂತು. ಆದರೆ ಕೊಳವೆ ಹಾದುಹೋಗುವುದು ಉತ್ತರದ ನೆಲದಲ್ಲಿ, ಕೆಂಪು ಸಮುದ್ರದ ಬಂದರಿರುವುದೂ ಅಲ್ಲೇ. ಸಾಗಣೆ ಶುಲ್ಕದ ಜಗಳ ಬೆಳೆದು 2012ರ ಜನವರಿಯಲ್ಲಿ ದಕ್ಷಿಣ ಸುಡಾನ್ ತನ್ನ ಬಾವಿಗಳನ್ನೇ ಮುಚ್ಚಿತು. ಸರ್ಕಾರದ ಆದಾಯ ಹೆಚ್ಚುಕಡಿಮೆ ಪೂರ್ತಿ ಅದರಿಂದಲೇ ಬರುತ್ತಿತ್ತು. ಏಪ್ರಿಲ್‌ನಲ್ಲಿ ಅದರ ಸೈನ್ಯ ಗಡಿಯ ಹೆಗ್ಲಿಗ್ ತೈಲಕ್ಷೇತ್ರಕ್ಕೆ ನುಗ್ಗಿತು, ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಅಷ್ಟರಲ್ಲಿ ಅಲ್ಲಿನ ಯಂತ್ರಗಳು ಸುಟ್ಟುಹೋಗಿದ್ದವು, ಎರಡು ದೇಶಗಳಿಗೂ ನಷ್ಟ. ಲಾಭದ ಲೆಕ್ಕ ಹಾಕುವವರು ಮಾಡುವ ಕೆಲಸವಲ್ಲ ಇದು. ಸುಡಾನಿನ ತೈಲದಲ್ಲಿ ನಮ್ಮ ಸರ್ಕಾರಿ ಕಂಪನಿ ಓಎನ್‌ಜಿಸಿ ವಿದೇಶ್‌ಗೂ 2003ರಿಂದ ಪಾಲಿತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ನ್ಯಾಯವಾಗದು. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಸುಡಾನಿನ ಜೊಂಗ್ಲೇಯಲ್ಲಿ ಹೊಂಚುದಾಳಿಗೆ ಭಾರತದ ಐವರು ಶಾಂತಿಪಾಲಕರು ಬಲಿಯಾದರು. ಆ ದಾಳಿ ತೈಲದ್ದಲ್ಲ. ಆದರೂ ಆ ಐವರ ಮಾತು ಬಂದಾಗ ಮಾವ ಪಂಪಿನ ಕಡೆ ತಿರುಗಿದರು, ನಾನು ಮುಂದೆ ಕೇಳಲಿಲ್ಲ.

ಇದೇ ಕಣ್ಣಿನಿಂದ ದೊಡ್ಡ ಯುದ್ಧಗಳನ್ನು ನೋಡಿದರೆ ಹಲವು ವಿಷಯ ಸ್ಪಷ್ಟವಾಗುತ್ತವೆ. 1941ರಲ್ಲಿ ಅಮೆರಿಕ ತೈಲ ಮಾರಾಟ ನಿಲ್ಲಿಸಿದ್ದರಿಂದ ಜಪಾನ್ ಡಚ್ಚರ ಪೂರ್ವ ದ್ವೀಪಗಳ, ಅಂದರೆ ಇಂದಿನ ಇಂಡೋನೇಷ್ಯಾದ, ಬಾವಿಗಳ ಮೇಲೆ ಕಣ್ಣಿಟ್ಟಿತು. ಆ ದಾರಿಗೆ ಅಡ್ಡ ಬರಬಹುದಾದ, ಜಪಾನ್ ಮುಂದೆ ದಾಳಿ ಮಾಡಿದ ಅಮೆರಿಕದ ನೌಕಾಪಡೆ ಪರ್ಲ್ ಹಾರ್ಬರ್‌ನಲ್ಲಿತ್ತು. 1990ರಲ್ಲಿ ಸದ್ದಾಂ ಹುಸೇನ್ ಕುವೈತಿಗೆ ನುಗ್ಗಿದ್ದಕ್ಕೆ ಇರಾನ್ ಯುದ್ಧದ ಸಾಲ, ಕುಸಿದ ತೈಲ ಬೆಲೆ, ಕುವೈತ್ ಹೆಚ್ಚು ತೈಲ ತೆಗೆದು ಬೆಲೆ ಇಳಿಸುತ್ತಿದೆ ಎಂಬ ಸಿಟ್ಟು, ಗಡಿಯ ರುಮೈಲಾ ತೈಲಕ್ಷೇತ್ರದ ತಕರಾರು ಕಾರಣ. ಹೆಚ್ಚಿನವು ತೈಲದ್ದೇ. ಅವನನ್ನು ಹೊರಹಾಕಲು ಹೋದವರಿಗೆ ಅಂತರರಾಷ್ಟ್ರೀಯ ಕಾನೂನಿನ ಬಲವಿತ್ತು. ಹಾಗೆಂದು ಅವರಿಗೆ ತೈಲದ ಚಿಂತೆ ಇರಲಿಲ್ಲವೆಂದೇನೂ ಅಲ್ಲ. ಪರ್ಷಿಯನ್ ಕೊಲ್ಲಿ ಹೊರಗಿನ ಶಕ್ತಿಯ ಹಿಡಿತಕ್ಕೆ ಹೋಗಲು ಸೇನಾಬಲ ಬಳಸಿಯಾದರೂ ಬಿಡುವುದಿಲ್ಲವೆಂದು ಅಧ್ಯಕ್ಷ ಕಾರ್ಟರ್ 1980ರ ಜನವರಿಯಲ್ಲೇ ಸಾರಿಬಿಟ್ಟಿದ್ದರು.

ಇನ್ನು 2003ರ ಇರಾಕ್ ಯುದ್ಧ. ನಮ್ಮಲ್ಲಿ ಹಲವರು ಅದರ ವಿರುದ್ಧ ಫೆಬ್ರವರಿ 15ರಂದು ಹೊರಟ ಲಂಡನ್ ಮೆರವಣಿಗೆಯಲ್ಲಿ ನಡೆದವರು. ತೈಲಕ್ಕಾಗಿ ಯುದ್ಧ ಎಂಬ ಮಾತನ್ನು ಪ್ರಧಾನಿ ಬ್ಲೇರ್ ಆ ತಿಂಗಳ ಮೊದಲಲ್ಲೇ ತೀರಾ ಅಸಂಬದ್ಧವೆಂದು ತಳ್ಳಿಹಾಕಿದ್ದರು. ಆದರೆ 2002ರ ಕೊನೆಯಲ್ಲಿ ತೈಲ ಕಂಪನಿಗಳ ಪ್ರತಿನಿಧಿಗಳು ಮಂತ್ರಿಗಳನ್ನು ಕಂಡು, ಯುದ್ಧಾನಂತರದ ಇರಾಕಿನಲ್ಲಿ ಬ್ರಿಟಿಷ್ ಕಂಪನಿಗಳು ಹೊರಗುಳಿಯದಂತೆ ಮಾತನಾಡಿಕೊಂಡದ್ದರ ಟಿಪ್ಪಣಿಗಳು 2011ರಲ್ಲಿ ಹೊರಬಂದವು. ಅವನ್ನು ಹೊರತೆಗೆಸಿದ್ದು ಮಾಹಿತಿ ಹಕ್ಕಿನ ಅರ್ಜಿ. ಮುಂದೇನಾಯಿತು? 2009ರ ಹರಾಜುಗಳಲ್ಲಿ ರುಮೈಲಾ ಬಿಪಿಯ ಜೊತೆಗೆ ಚೀನಾದ ಕಂಪನಿಗೂ ಹೋಯಿತು, ವೆಸ್ಟ್ ಕುರ್ನಾ ತೈಲಕ್ಷೇತ್ರದ ಒಂದು ಭಾಗ ರಷ್ಯಾದ ಲೂಕಾಯಿಲ್‌ಗೆ ಹೋಯಿತು. ಅಮೆರಿಕದ ಕಂಪನಿಗಳ ಪಾಲಿಗೆ ಬಂದದ್ದು ಸ್ವಲ್ಪ. ತೈಲಕ್ಕಾಗಿ ಅಲ್ಲವೆನ್ನುವವರು ಈ ಹರಾಜನ್ನು ತೋರಿಸುತ್ತಾರೆ. ನನಗೆ ಅದು ಸಾಲದು. ಫಲ ಸಿಗಲಿಲ್ಲವೆಂದ ಮಾತ್ರಕ್ಕೆ ಆಸೆಯೇ ಇರಲಿಲ್ಲವೆಂದಾಗುವುದಿಲ್ಲ. ಆದರೂ ಆಸೆಯೊಂದೇ ಆ ಯುದ್ಧ ತಂದಿತೆಂದು ನಾನು ಬರೆಯಲಾರೆ. ಸೆಪ್ಟೆಂಬರ್ 11ರ ಗಾಯ, ಇಲ್ಲದ ಅಸ್ತ್ರಗಳ ಬಗೆಗಿನ ವರದಿಗಳು, ಮಧ್ಯಪ್ರಾಚ್ಯವನ್ನೇ ಬದಲಿಸುತ್ತೇವೆಂಬ ಅತಿಯಾದ ನಂಬಿಕೆ, ಇವೆಲ್ಲ ಸೇರಿದ್ದವು.

ತೈಲವೇ ಇಲ್ಲದ ಯುದ್ಧಗಳೂ ಇವೆಯಲ್ಲ. ಮಡಿಕೇರಿಯ ಜನರಲ್ ತಿಮ್ಮಯ್ಯನವರು 1953ರಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಕೊರಿಯಾಕ್ಕೆ ಹೋದರು. ಊರಿಗೆ ಮರಳಲು ಒಲ್ಲೆನೆಂದ 22,000ಕ್ಕೂ ಹೆಚ್ಚು ಯುದ್ಧಕೈದಿಗಳನ್ನು ನೋಡಿಕೊಳ್ಳುವ ಹೊಣೆ ಅವರದಾಗಿತ್ತು. ಆ ಪರ್ಯಾಯ ದ್ವೀಪದಲ್ಲಿ ಯಾರೂ ಎಣ್ಣೆ ಹುಡುಕಿ ಹೋಗಿರಲಿಲ್ಲ. ವಿಯೆಟ್ನಾಂ ಯುದ್ಧವನ್ನೂ ಬಾವಿಗಳಿಂದ ವಿವರಿಸಲಾಗದು. ಇತ್ತ 1973ರಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದು ಬೆಲೆ ನಾಲ್ಕು ಪಟ್ಟಾದಾಗ, ಅಮೆರಿಕ ಸೌದಿ, ಕುವೈತ್, ಅಬುಧಾಬಿಗಳ ತೈಲಕ್ಷೇತ್ರಗಳನ್ನು ಬಲದಿಂದ ಹಿಡಿಯಬಹುದೆಂದು ಬ್ರಿಟಿಷ್ ಗುಪ್ತಚರರು ಅಂದಾಜಿಸಿದ್ದರು. 2004ರಲ್ಲಿ ಬಯಲಾದ ಕಡತಗಳಲ್ಲಿ ಅದಿದೆ. ಆದರೆ ಹಾಗೇನೂ ಆಗಲಿಲ್ಲ. 1974ರ ಮಾರ್ಚ್‌ನಲ್ಲಿ ಹೆಚ್ಚಿನ ದೇಶಗಳು ನಿರ್ಬಂಧ ತೆಗೆದವು. ಭಯವಿದ್ದೂ ಯುದ್ಧವಾಗದ ಇಂಥ ಪ್ರಸಂಗಗಳನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ತೈಲದ ಅಗತ್ಯವೇ ಯುದ್ಧ ತರುವುದಾದರೆ, ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುವ ಭಾರತ ಎಷ್ಟೋ ಯುದ್ಧ ಮಾಡಬೇಕಿತ್ತು. ತೈಲಕ್ಕಾಗಿ ಅದು ಒಂದನ್ನೂ ಮಾಡಿಲ್ಲ, ಬೇರೆಯವರ ಯುದ್ಧಗಳಿಗೆ ಬೆಲೆ ತೆತ್ತಿದೆ. ಕುವೈತಿನ ಬಿಕ್ಕಟ್ಟಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಏರಿದ ತೈಲ ಬೆಲೆ ಮೊದಲೇ ಸೊರಗಿದ್ದ ವಿದೇಶಿ ವಿನಿಮಯವನ್ನು ಬರಿದು ಮಾಡಿತು, 1991ರ ಜುಲೈಯಲ್ಲಿ ಸುಮಾರು 47 ಟನ್ ಚಿನ್ನ ಅಡವಿಗಾಗಿ ಲಂಡನ್ನಿಗೆ ಬಂತು. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ, ಇಟಲಿಗೆ ಹೋಗುವ ನಮ್ಮ ಕಾಫಿ ಆಫ್ರಿಕಾ ಸುತ್ತಿಕೊಂಡು ಹೋಗಬೇಕಾಯಿತು, ಸಾಗಣೆ ದರ ಏರಿತು. ಯುದ್ಧಕ್ಕೆ ಇಳಿಯುವುದು ತೈಲ ಹೆಚ್ಚು ಬೇಕಾದವರಲ್ಲ, ಸೈನ್ಯ ಕಳಿಸುವ ತಾಕತ್ತು ಇರುವವರು. ಹಾಗಾಗಿಯೇ ಬ್ರಿಟನ್ನಿನಲ್ಲಿ ಮತ ಹಾಕುವ ನಮ್ಮ ಮೇಲೆ ಹೊಣೆ ಹೆಚ್ಚು.

ಭಯ ಕಡಿಮೆ ಮಾಡುವ ದಾರಿಗಳೂ ಇವೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳನ್ನು ಬಂಡೆಯೊಳಗೆ ಕೊರೆದಿದ್ದಾರೆ. ದೇಶಕ್ಕೆ ಅದು ಬಹಳ ದಿನಗಳಿಗೆ ಸಾಲದು, ಆದರೆ ನಲ್ಲಿ ನಿಂತ ಮರುದಿನವೇ ಗಾಬರಿಯಾಗಬೇಕಿಲ್ಲ. ಮಾವನೂ ಪಂಪಿಗೆ ಸೋಲಾರ್ ಹಾಕಿಸುವ ವಿಚಾರದಲ್ಲಿದ್ದಾರೆ, ತೋಟದ ನೆರಳೇ ಅದಕ್ಕೆ ತೊಡಕು.

ಸರ್ಕಾರ ಮುಂದಿನ ಸಲ ಸೈನ್ಯ ಕಳಿಸಲು ಸಂಸತ್ತಿನ ಒಪ್ಪಿಗೆ ಕೇಳಿದಾಗ ನಿಮ್ಮ ಎಂಪಿಗೆ ಒಂದು ಪತ್ರ ಬರೆಯಿರಿ. ಕಳೆದ ವರ್ಷ ಯಾವ ತೈಲ ಕಂಪನಿಯ ಯಾರು ಯಾವ ಮಂತ್ರಿಯನ್ನು ಕಂಡರು, ಏನು ಮಾತಾಯಿತು, ಆ ಟಿಪ್ಪಣಿಗಳು ಮತಕ್ಕೆ ಮುಂಚೆ ಸದನದ ಮುಂದೆ ಬರಲಿ ಎಂದು ಕೇಳಿ. 2003ರ ಮಾರ್ಚ್ 18ರಂದು 412 ಸದಸ್ಯರು ಯುದ್ಧದ ಪರ ಕೈಯೆತ್ತಿದಾಗ ಆ ಕಾಗದಗಳು ಅವರ ಮುಂದಿರಲಿಲ್ಲ.