ಮಗಳಿಗೊಂದು ಪತ್ರ: ಯಾವ ಹಗ್ಗ ಕಟ್ಟಬೇಕು, ಯಾವುದನ್ನು ಬಿಡಬೇಕು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ನೋಡಿದೆ. ವಿಕ್ಟರಿ ಹಡಗಿನ ಪ್ಲಾಸ್ಟಿಕ್ ಮಾಡೆಲ್‌ನ ಒಡಲಿನ ಎರಡು ಹೋಳು ಕೂಡಿಸಿ, ತೋಪಿನ ಕಿಂಡಿಗಳ ಅಂಚನ್ನೆಲ್ಲ ಉಜ್ಜಿ ನಯ ಮಾಡಿದ್ದೀಯ. ಕೆಲಸ ಅಚ್ಚುಕಟ್ಟಾಗಿದೆ. ಕೆಳಗೆ ಬರೆದ ಸಾಲು ಮಾತ್ರ ನನಗೆ ಹಿಡಿಸಲಿಲ್ಲ: "ಅಪ್ಪ, ಬಣ್ಣ ಹಚ್ಚಿ ಕಂಬ ನಿಲ್ಲಿಸ್ತೀನಿ, ಹಗ್ಗದ ಕೆಲಸ ಬಿಟ್ಟುಬಿಡ್ತೀನಿ. ಕಿಟ್ಟಿನ ಹಗ್ಗದ ನಕ್ಷೆಯ ಹಾಳೆ ತುಂಬ ಗೆರೆಗಳೇ, ತಲೆ ತಿರುಗುತ್ತೆ." ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಹೂಂಗುಟ್ಟಿ ಮುಗಿಸ್ತೀಯ. ಅದಕ್ಕೇ ಬರೀತಿದ್ದೇನೆ.

ಹಗ್ಗ ಬಿಡಬೇಡ. ಹಾಗಂತ ಎಲ್ಲವನ್ನೂ ಕಟ್ಟಲೂ ಬೇಡ. ಯಾವ ಹಗ್ಗ ಯಾವ ಕೆಲಸಕ್ಕಿದೆ ಅಂತ ತಿಳಿದರೆ ಯಾವುದನ್ನು ಬಿಡಬಹುದು ಅನ್ನೋದು ತಾನಾಗಿ ಗೊತ್ತಾಗುತ್ತೆ. ಆಮೇಲೆ ಆ ಹಾಳೆ ನಿನ್ನನ್ನು ಹೆದರಿಸೋದಿಲ್ಲ.

ಮೊದಲು ಬಣ್ಣ. ಅಚ್ಚಿನಿಂದ ತೆಗೆಯುವಾಗ ತುಂಡುಗಳ ಮೇಲೆ ಸ್ವಲ್ಪ ಎಣ್ಣೆಯ ಪಸೆ ಉಳಿದಿರುತ್ತೆ. ಪಾತ್ರೆ ತೊಳೆಯುವ ಸೋಪು ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸು, ಇಲ್ಲದಿದ್ದರೆ ಬಣ್ಣ ಸಿಪ್ಪೆ ಏಳುತ್ತೆ. ಪ್ರೈಮರ್ ಆದಮೇಲೆ ತಿಳಿಬಣ್ಣ ಮೊದಲು, ಕಪ್ಪು ಆಮೇಲೆ. ಹಳದಿ ಪಟ್ಟೆ ಹಚ್ಚಿ ಪೂರ್ತಿ ಒಣಗಿದ ಮೇಲೆ ಮಾಸ್ಕಿಂಗ್ ಟೇಪನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಅಂಟಿಸು. ಅಗಲದ ಟೇಪು ಒಡಲಿನ ಬಾಗಿಗೆ ಕೂರೋದಿಲ್ಲ. ಕಪ್ಪು ಅಂತ ಅಪ್ಪಟ ಕಪ್ಪು ಹಚ್ಚಬೇಡ, ಅದಕ್ಕೆ ಸ್ವಲ್ಪ ಬೂದಿ ಬಣ್ಣ ಬೆರೆಸು. ದೂರದಿಂದ ನೋಡಿದ ದೊಡ್ಡ ವಸ್ತುವಿನ ಕಪ್ಪು ಯಾವತ್ತೂ ಅಷ್ಟು ಕಡುವಾಗಿ ಕಾಣೋದಿಲ್ಲ.

ಹಳದಿ ಯಾವುದು ಅಂತ ಕೇಳಿದ್ದೆಯಲ್ಲ, ಅದಕ್ಕೊಂದು ಕಥೆಯಿದೆ. ಹಳೆಯ ಪೋಸ್ಟ್‌ಕಾರ್ಡುಗಳಲ್ಲಿ ವಿಕ್ಟರಿಯ ಪಟ್ಟೆ ಗಾಢವಾದ ಕಿತ್ತಳೆ ಛಾಯೆಯ ಹಳದಿ. ಮಾಡೆಲ್ ಮಾಡುವವರು ದಶಕಗಟ್ಟಲೆ ಅದನ್ನೇ ಹಚ್ಚಿದರು. ಆಮೇಲೆ ಸಂಶೋಧಕರು ಹಡಗಿನ ಮರದ ಮೇಲೆ ಉಳಿದಿದ್ದ ಹಳೆಯ ಪದರಗಳ ಚೂರು ತೆಗೆದು ಪರೀಕ್ಷಿಸಿದಾಗ 1805ರ ಟ್ರಫಾಲ್ಗರ್ ನೌಕಾಯುದ್ಧದ ಕಾಲದ ಬಣ್ಣ ತೀರ ಮಾಸಲು, ಸ್ವಲ್ಪ ಗುಲಾಬಿ ಬೆರೆತ ಕೆನೆಬಣ್ಣ ಅಂತ ತಿಳಿಯಿತು. 2015ರಲ್ಲಿ ಹಡಗಿಗೆ ಅದನ್ನೇ ಬಳಿದರು. ನೀನೂ ಅದನ್ನೇ ಹಚ್ಚು. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಮನಸ್ಸು ಬದಲಾಯಿಸಬೇಡ. ಕಂಬಗಳಿಗೂ ಆ ಸುಮಾರಿನದೇ ಹಳದಿ. ಕಂಬ ಸುತ್ತಿದ ಕಬ್ಬಿಣದ ಪಟ್ಟಿಗಳಿಗೂ ಹಳದಿಯೇ ಇರಲಿ. ಶತ್ರು ಹಡಗುಗಳ ಪಟ್ಟಿ ಕಪ್ಪು, ಹೊಗೆಯಲ್ಲಿ ನಮ್ಮವರು ಯಾರು ಅಂತ ಗುರುತು ಸಿಗಲಿ ಅಂತ ಯುದ್ಧಕ್ಕೆ ಮುಂಚೆ ವಿಕ್ಟರಿಯಲ್ಲಿದ್ದ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ಮಾಡಿಸಿದ ಏರ್ಪಾಡು ಇದು.

ನೀರಿನ ಗೆರೆಯಿಂದ ಕೆಳಗೆ ತಾಮ್ರ. ಮರ ಕೊರೆಯುವ ಸಮುದ್ರದ ಹುಳಕ್ಕೆ ಹೆದರಿ 1780ರಲ್ಲಿ ವಿಕ್ಟರಿಯ ತಳಕ್ಕೆ ತಾಮ್ರದ ತಗಡು ಹೊಡೆದರು. ಹೊಸ ಚೊಂಬಿನ ಹಾಗೆ ಮಿರಿಮಿರಿ ಮಿಂಚಿಸಬೇಡ. ನೀರಲ್ಲಿದ್ದ ತಾಮ್ರ ಮಂಕು ಕಂದು, ನೀರಿನ ಗೆರೆಯ ಹತ್ತಿರ ತುಸು ಹಸಿರು. ಡೆಕ್ಕಿನ ಬಗ್ಗೆ ಜಾಸ್ತಿ ಹೇಳೋದಿಲ್ಲ, ತೆಳು ಕಂದು ಹಚ್ಚಿ ಗಾಢ ಕಂದಿನ ನೀರುಬಣ್ಣ ಮೇಲೆ ಹರಿಸಿ ಒರೆಸಿಬಿಡು, ಹಲಗೆ ಗೆರೆ ತಾನಾಗಿ ಎದ್ದು ಬರುತ್ತೆ.

ಈಗ ಹಗ್ಗ.

ಹಾಯಿಹಡಗಿನಲ್ಲಿ ಎರಡೇ ಜಾತಿ. ಒಂದು, ಕಂಬವನ್ನು ಹಿಡಿದು ನಿಲ್ಲಿಸುವ ಅಲುಗಾಡದ ಹಗ್ಗ: ಪಕ್ಕಕ್ಕೆ ಎಳೆಯುವ ಶ್ರೌಡ್, ಮುಂದಕ್ಕೆ ಎಳೆಯುವ ಸ್ಟೇ, ಹಿಂದಕ್ಕೆ ಎಳೆಯುವ ಬ್ಯಾಕ್‌ಸ್ಟೇ. ಇನ್ನೊಂದು, ಹಾಯಿಯನ್ನೂ ಹಾಯಿ ಕಟ್ಟುವ ಅಡ್ಡದಂಡ ಯಾರ್ಡನ್ನೂ ಏರಿಸಿ ಇಳಿಸಿ ತಿರುಗಿಸುವ ಹಗ್ಗ. ನಮ್ಮ ಊರಿನ ಗದ್ದೆಯಲ್ಲಿ ಡೇರೆ ಮೇಳದವರು ಆಟಕ್ಕೆ ಡೇರೆ ಎಬ್ಬಿಸೋದನ್ನು ಚಿಕ್ಕವಳಿದ್ದಾಗ ನೋಡುತ್ತ ನಿಲ್ಲುತ್ತಿದ್ದೆ. ಕಂಬಕ್ಕೆ ಸುತ್ತ ಬಿಗಿದ ಹಗ್ಗ ಮೊದಲನೆಯ ಜಾತಿ. ಪರದೆ ಎತ್ತಿ ಇಳಿಸುವ ಹಗ್ಗ ಎರಡನೆಯದು. ಮೊದಲನೆಯದಕ್ಕೆ ಟಾರು ಬಳಿದಿರುತ್ತಾರೆ, ಹಾಗಾಗಿ ಕಪ್ಪು ಬಣ್ಣಕ್ಕೆ ಹತ್ತಿರದ ಕಂದು ದಾರ. ಎರಡನೆಯದು ರಾಟೆಯಂಥ ಕಪ್ಪಿಯಲ್ಲಿ ಓಡಬೇಕು, ಅದಕ್ಕೆ ತೆಳು ಕಂದು. ಎರಡಕ್ಕೂ ಬಿಳಿ ದಾರ ಬೇಡವೇ ಬೇಡ.

ನಿನ್ನ ಕಿಟ್ 1:180, ಅಂದರೆ ಅಸಲಿನ 180ರಲ್ಲೊಂದು ಅಳತೆ. ನಿಜವಾದ ವಿಕ್ಟರಿಯಲ್ಲಿ ಸುಮಾರು 26 ಮೈಲಿ, ಅಂದರೆ 42 ಕಿಲೋಮೀಟರ್ ಹಗ್ಗ. 180ರಿಂದ ಭಾಗಿಸಿದರೂ 230 ಮೀಟರ್ ದಾರ ಆಯಿತು! ಆ ಕಾಲದಲ್ಲಿ ಹಗ್ಗ ಅಳೆಯುತ್ತಿದ್ದುದು ಸುತ್ತಳತೆಯಲ್ಲಿ. ಮುಖ್ಯ ಕಂಬದ ಸ್ಟೇ 19 ಅಂಗುಲದ ಆಸುಪಾಸು, ಅಂದರೆ ಹದಿನೈದು ಸೆಂಟಿಮೀಟರ್ ದಪ್ಪ; ನಿನ್ನ ಮೇಜಿನ ಮೇಲೆ ಅದು 0.85 ಮಿಲಿಮೀಟರ್. ಕೆಳಗಿನ ಶ್ರೌಡ್ ಅರ್ಧ ಮಿಲಿಮೀಟರ್. ಶ್ರೌಡಿಗೆ ಅಡ್ಡಡ್ಡ ಕಟ್ಟಿ ನಾವಿಕರು ಮೆಟ್ಟಿಲು ಮಾಡಿಕೊಳ್ಳುತ್ತಿದ್ದ ರಾಟ್‌ಲೈನ್ ಮಾತ್ರ 0.07, ತಲೆಗೂದಲಿನಷ್ಟು. ದಪ್ಪದಲ್ಲಿ ಈ ವ್ಯತ್ಯಾಸ ಕಾಣಿಸಿದರೇ ಹಡಗಿಗೆ ಜೀವ ಬರೋದು. ಅದಕ್ಕೆ ಒಂದೇ ದಾರದಲ್ಲಿ ಎಲ್ಲವನ್ನೂ ಕಟ್ಟೋದಕ್ಕಿಂತ ಕಡಿಮೆ ಹಗ್ಗ, ಮೂರು ನಾಲ್ಕು ದಪ್ಪದಲ್ಲಿ ಕಟ್ಟೋದು ಮೇಲು.

ರಾಟ್‌ಲೈನ್ ನಡುವಿನ ಅಂತರ ಅಸಲಿನಲ್ಲಿ ಸುಮಾರು 13 ಅಂಗುಲ, ನಿನಗೆ 1.8 ಮಿಲಿಮೀಟರ್. ಬಿಳಿ ರಟ್ಟಿನ ಮೇಲೆ ಗೆರೆ ಹಾಕಿ ಶ್ರೌಡ್ ಹಿಂದೆ ಇಟ್ಟುಕೊಂಡು, ಆ ಗೆರೆ ನೋಡಿ ಪ್ರತಿ ಶ್ರೌಡಿಗೂ ಒಂದೊಂದು ಕ್ಲೋವ್ ಹಿಚ್ ಗಂಟು ಹಾಕು. ನಾವಿಕರು ಹಾಕುತ್ತಿದ್ದುದೂ ಅದೇ ಗಂಟು. ಗಂಟಿಗೆ ನೀರು ಬೆರೆಸಿದ ಫೆವಿಕಾಲ್ ಒಂದು ತೊಟ್ಟು ಸಾಕು. ಸೂಪರ್‌ಗ್ಲೂ ದಾರವನ್ನು ಪೆಡಸು ಮಾಡಿ ಬಿಳಿ ಕಲೆ ಬಿಡುತ್ತೆ. ತೆಳು ದಾರ ಸಿಗದಿದ್ದರೆ ರಾಟ್‌ಲೈನ್ ಬಿಟ್ಟುಬಿಡು. ದಪ್ಪ ದಾರದ್ದು ಇರೋದಕ್ಕಿಂತ ಇಲ್ಲದಿರೋದೇ ಚೆಂದ. ಇದನ್ನು ಒಪ್ಪದವರು ತುಂಬ ಜನ ಇದ್ದಾರೆ, ಇರಲಿ.

ಕಟ್ಟುವ ಕ್ರಮ ಮುಖ್ಯ. ಹಡಗಿನ ಮೂತಿಯಿಂದ ಮುಂದಕ್ಕೆ ಚಾಚಿದ ಕಂಬ ಬೌಸ್ಪ್ರಿಟ್ ಮೊದಲು ಗಟ್ಟಿಯಾಗಬೇಕು, ಏಕೆಂದರೆ ಮುಂದಿನ ಕಂಬದ ಸ್ಟೇ ಬಂದು ಕೂರೋದು ಅಲ್ಲಿ. ಆಮೇಲೆ ಕೆಳಗಿನ ಶ್ರೌಡ್‌ಗಳು, ಜೋಡಿ ಜೋಡಿಯಾಗಿ: ಬಲಗಡೆಯ ಮುಂದಿನ ಜೋಡಿ, ನಂತರ ಎಡಗಡೆಯದು, ಮತ್ತೆ ಬಲ. ಹೀಗೆ ಅದಲುಬದಲಾಗಿ ಹೋದರೆ ಕಂಬ ಒಂದು ಕಡೆ ವಾಲೋದಿಲ್ಲ. ಅವೆಲ್ಲ ಆದಮೇಲೆ ಸ್ಟೇ, ಆಮೇಲೆ ಮೇಲಿನ ಕಂಬದ ತುಂಡುಗಳ ಶ್ರೌಡ್. ಒಂದು ಸ್ಟೇ ಬಿಗಿಯಾದರೆ ಪ್ಲಾಸ್ಟಿಕ್ ಕಂಬ ಬಾಗಿ, ಅದರ ಹಿಂದಿನ ಹಗ್ಗವೆಲ್ಲ ಜೋತು ಬೀಳುತ್ತೆ. ಅದಕ್ಕೆ ಕಂಬದೊಳಗೆ ಹಿತ್ತಾಳೆ ಕಡ್ಡಿ ತೂರಿಸು. ಮೋಸ ಅನ್ನಿಸಿದರೆ ಒಂದು ವಿಷಯ ಕೇಳು: ನಿನ್ನ ಮನೆ ಹತ್ತಿರದ ನಿಜವಾದ ವಿಕ್ಟರಿಯ ಕೆಳಗಿನ ಕಂಬಗಳೂ ಮರದವಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಶಾ ಅನ್ನುವ ಇನ್ನೊಂದು ಯುದ್ಧನೌಕೆಯ ಟೊಳ್ಳು ಕಬ್ಬಿಣದ ಕಂಬಗಳನ್ನು ತಂದು ನಿಲ್ಲಿಸಿ ಬಣ್ಣ ಬಳಿದರು. ನೂರು ವರ್ಷ ಜನ ಅದನ್ನೇ ನೋಡಿ ಬೆರಗಾದರು. ನೀನು ಹೋದಾಗ ಬರೀ ಅಟ್ಟಣಿಗೆ, ಹೊದಿಕೆ ಕಂಡು ಬೇಜಾರಾಯಿತು ಅಂದೆಯಲ್ಲ. 2011ರಲ್ಲಿ ಮೇಲಿನ ಕಂಬಗಳನ್ನೂ 2021ರಲ್ಲಿ ಮುಖ್ಯ ಕಂಬವನ್ನೂ ಇಳಿಸಿದ್ದಾರೆ. ಹಗ್ಗ ಕಟ್ಟಿದ ವಿಕ್ಟರಿ ಸದ್ಯಕ್ಕೆ ನಿನ್ನ ಮೇಜಿನ ಮೇಲೇ ಇರಬೇಕು.

ಕಪ್ಪಿಗಳನ್ನು ಯಾರ್ಡ್ ಕೈಯಲ್ಲಿರುವಾಗಲೇ ಕಟ್ಟಿಬಿಡು, ಕಂಬಕ್ಕೇರಿಸಿದ ಮೇಲೆ ಬೆರಳು ಹೋಗೋದಿಲ್ಲ. ಕಪ್ಪಿ ಅಂದಾಗ ನೆನಪಾಯಿತು. 74 ತೋಪಿನ ಹಡಗಿಗೇ ಸಾವಿರದಷ್ಟು ಕಪ್ಪಿ ಬೇಕಿತ್ತು. ಅದರಲ್ಲಿ ಕೈಕೆಲಸವೇ ಹೆಚ್ಚಿತ್ತು. ನೀನಿರುವ ಪೋರ್ಟ್ಸ್‌ಮತ್ತಿನ ಹಡಗುಕಟ್ಟೆಯಲ್ಲೇ ಮಾರ್ಕ್ ಬ್ರೂನೆಲ್ ಯೋಚಿಸಿದ, ಹೆನ್ರಿ ಮಾಡ್ಸ್‌ಲಿ ಮಾಡಿಕೊಟ್ಟ ಯಂತ್ರಗಳು ಬಂದವು. 1808ರ ಹೊತ್ತಿಗೆ ವರ್ಷಕ್ಕೆ 1,30,000 ಕಪ್ಪಿ. ಟ್ರಫಾಲ್ಗರ್‌ನ ವೀರಗಾಥೆ ಓದುವವರು ಈ ಕಾರ್ಖಾನೆಯ ಕಡೆ ತಿರುಗಿ ನೋಡೋದಿಲ್ಲ. ನನಗೆ ಇದೇ ಹೆಚ್ಚು ರುಚಿ.

ಇನ್ನು ಬಿಡುವ ಲೆಕ್ಕ. ಕಿಟ್ಟಿನ ಪ್ಲಾಸ್ಟಿಕ್ ಹಾಯಿ ಹಾಕಬೇಡ, ಆ ದಪ್ಪಕ್ಕೆ ಯಾವ ಗಾಳಿಯೂ ಸಾಲದು. ಹಾಯಿ ಇಲ್ಲ ಅಂದಮೇಲೆ ಹಾಯಿಯನ್ನು ಮಡಚಿ ಎತ್ತುವ ಬಂಟ್‌ಲೈನ್, ಅಂಚನ್ನು ಮುಂದಕ್ಕೆ ಎಳೆಯುವ ಬೌಲೈನ್ ಎಲ್ಲ ಬಿಡಬಹುದು. ಹಾಳೆಯ ಗೆರೆಗಳಲ್ಲಿ ಎಷ್ಟೋ ಅಲ್ಲೇ ಅಳಿಸಿಹೋದವು ನೋಡು. ಉಳಿಯಬೇಕಾದ್ದು ಯಾರ್ಡ್ ಮೇಲೇರಿಸುವ ಹ್ಯಾಲ್ಯರ್ಡ್, ಎರಡು ತುದಿ ಹಿಡಿದ ಲಿಫ್ಟ್, ತಿರುಗಿಸುವ ಬ್ರೇಸ್. ಬ್ರೇಸ್ ಸಾಮಾನ್ಯವಾಗಿ ಹಿಂದಕ್ಕೆ ಹೋಗುತ್ತೆ. ಹಿಂಗಂಬದಲ್ಲಿ ಮಾತ್ರ ಹಿಂದೆ ಜಾಗವಿಲ್ಲದೆ ಮುಂದಕ್ಕೆ. ಇನ್ನೊಂದು, ಹಾಯಿ ಇಲ್ಲದ ಹಡಗಿನಲ್ಲಿ ಕೆಳಗಿನಿಂದ ಎರಡನೆಯ ಹಾಯಿಯಾದ ಟಾಪ್‌ಸೈಲಿನ ಯಾರ್ಡೂ ಅದರ ಮೇಲಿನವೂ ಕೆಳಗೆ ಇಳಿದು ಕೂತಿರುತ್ತವೆ. ಪ್ರದರ್ಶನಗಳಲ್ಲಿ ಇಡುವ ಎಷ್ಟೋ ಮಾಡೆಲ್‌ಗಳಲ್ಲಿ ಹಾಯಿಯೂ ಇಲ್ಲ, ಯಾರ್ಡ್ ಮಾತ್ರ ತುತ್ತತುದಿಗೆ ಏರಿದೆ! ಯಾವ ನಾವಿಕ ಬರೀ ಕೋಲನ್ನು ಅಷ್ಟೆತ್ತರಕ್ಕೆ ಎಳೆದು ಕೂರುತ್ತಾನೆ?

ಮಧ್ಯದ ಕಂಬದ ಹಿಂದಿನ ಡೆಕ್ಕಿಗೆ ಬಂದಾಗ ಒಮ್ಮೆ ತಲೆಯೆತ್ತಿ ನೋಡು. 1805ರ ಅಕ್ಟೋಬರ್ 21ರಂದು ನೆಲ್ಸನ್‌ಗೆ ಗುಂಡು ಬಡಿದದ್ದು ಅಲ್ಲಿ. ಹೊಡೆದವನು ಪಕ್ಕಕ್ಕೆ ಬಂದು ತಾಗಿದ್ದ ಫ್ರೆಂಚ್ ಹಡಗು ರೆಡೂಟಾಬ್ಲ್‌ನ ಹಿಂಗಂಬದ ಅಟ್ಟದಲ್ಲಿದ್ದ. ಶ್ರೌಡ್ ಹತ್ತಿ ಹೋಗುವ ಆ ಅಟ್ಟ ಬರೀ ಅಲಂಕಾರ ಅಂದುಕೊಂಡಿದ್ದೆಯಾ? ಅದೇ ನೆಲ್ಸನ್ ಮೊದಲು ಗುಂಡಿನ ಸದ್ದು ಕೇಳಿದ್ದು ಎಲ್ಲಿ ಗೊತ್ತಾ? ನಮ್ಮ ಪಡುವಣ ಕಡಲಲ್ಲಿ. 1775ರ ಫೆಬ್ರವರಿಯಲ್ಲಿ, ಹದಿನಾರರ ಹುಡುಗ, ಸೀಹಾರ್ಸ್ ಅನ್ನುವ ಹಡಗಿನಲ್ಲಿದ್ದ. ಮಲಬಾರ್ ಕರಾವಳಿಯಲ್ಲಿ ಎದುರಾದದ್ದು ಮೈಸೂರಿನ ಹೈದರಾಲಿಯ ಎರಡು ಹಡಗು. ಆಗ ವಿಕ್ಟರಿ ನೀರಿಗಿಳಿದು ಹತ್ತಿರ ಹತ್ತಿರ ಹತ್ತು ವರ್ಷ ಆಗಿದ್ದರೂ ಕೆಲಸವಿಲ್ಲದೆ ಲಂಗರು ಹಾಕಿ ಬಿದ್ದಿತ್ತು.

ದಾರಕ್ಕೆ ಪಾಲಿಯೆಸ್ಟರ್ ತಗೋ, ಹತ್ತಿಯದು ಜುಂಗು ಬಿಡುತ್ತೆ. ಕಟ್ಟುವ ಮೊದಲು ಜೇನುಮೇಣದ ಮೇಲೆ ಎಳೆದುಕೋ. ನಿನ್ನಮ್ಮ ತನ್ನ ಹೊಲಿಗೆ ಪೆಟ್ಟಿಗೆಯಿಂದ ಕಂದು ಬಣ್ಣದ ಉರುಳೆಗಳನ್ನು ಆರಿಸಿ, ಉಪ್ಪಿನಕಾಯಿ ಪೊಟ್ಟಣದ ಜೊತೆ ಕಟ್ಟಿಟ್ಟಿದ್ದಾಳೆ. ಡಿಸೆಂಬರಿನಲ್ಲಿ ಅಲ್ಲಿಗೆ ಬರುವವರ ಕೈಯಲ್ಲಿ ಕಳಿಸ್ತೇವೆ. ಎಣ್ಣೆ ಸೋರಿದರೆ ಅವಳನ್ನೇ ಕೇಳು.

ಬಿಡುವಾದಾಗ ಚಾಥಮ್ಮಿಗೆ ಹೋಗಿ ಬಾ. ವಿಕ್ಟರಿ ಕಟ್ಟಿದ್ದು ಅಲ್ಲಿ. ಅಲ್ಲಿನ ಹಗ್ಗ ಹೊಸೆಯುವ ಕಟ್ಟಡ 346 ಮೀಟರ್ ಉದ್ದ, ಈಗಲೂ ಹಳೆಯ ಯಂತ್ರದಲ್ಲೇ ಹೊಸೆಯುತ್ತಾರೆ. ಮೂರು ಎಳೆ ಹೇಗೆ ಒಂದಾಗುತ್ತೆ ಅಂತ ನೋಡಿ ಬಂದರೆ ಮುಖ್ಯ ಸ್ಟೇಯನ್ನು ನೀನೇ ದಾರದಿಂದ ಹೊಸೆದುಕೊಳ್ಳಬಹುದು.

ಮುಂದಿನ ಕಂಬದ ಶ್ರೌಡ್ ಬಿಗಿದ ಮೇಲೆ, ಸ್ಟೇ ಕಟ್ಟುವ ಮೊದಲು, ಪಕ್ಕದಿಂದ ಒಂದು, ಎದುರಿನಿಂದ ಒಂದು ಫೋಟೋ ಕಳಿಸು. ಕಂಬ ನೆಟ್ಟಗಿದೆಯೋ ಇಲ್ಲವೋ ಆಗಲೇ ನೋಡಬೇಕು.

ಇಂತಿ ನಿನ್ನ
ಅಪ್ಪ