ಟೀಮ್ಸ್‌ಗೆ ಹೋಗುವ ತೂಕದ ಸಂದೇಶಗಳಿಗೆ ಹೊಸ ವಿಳಾಸ: ಗ್ರಾಹಕರಿಗೆ ಪತ್ರ

ಗಂಗಾವತಿ, ಕೊಪ್ಪಳ ಜಿಲ್ಲೆ

ಮಾನ್ಯ ಗ್ರಾಹಕರೇ,

ತಮ್ಮ ಮಿಲ್ಲಿನ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಮತ್ತು ಧಾನ್ಯ ಒಣಗಿಸುವ ಡ್ರೈಯರ್‌ಗಳಿಂದ ಕಚೇರಿಯ ಚಾಟ್ ಗುಂಪಿಗೆ ತಾನಾಗಿಯೇ ಬರುತ್ತಿರುವ ಸಂದೇಶಗಳ ವ್ಯವಸ್ಥೆಯಲ್ಲಿ ಬರುವ ತಿಂಗಳ ಮೊದಲ ತಾರೀಖಿನಿಂದ ಎರಡು ಬದಲಾವಣೆಗಳು ಆಗಲಿವೆ. ಮೈಕ್ರೋಸಾಫ್ಟ್ ಟೀಮ್ಸ್ ಬಳಸುತ್ತಿರುವವರು ಹೊಸ ವೆಬ್‌ಹುಕ್ ವಿಳಾಸವೊಂದನ್ನು (ತಂತ್ರಾಂಶವು ಗುಂಪಿಗೆ ಸಂದೇಶ ಕಳುಹಿಸುವ ಅಂತರ್ಜಾಲ ವಿಳಾಸ) ತಾವೇ ತೆರೆದು ನಮ್ಮ ತಂತ್ರಾಂಶದಲ್ಲಿ ನಮೂದಿಸಬೇಕಾಗುತ್ತದೆ. ಸ್ಲ್ಯಾಕ್ ಅಥವಾ ಗೂಗಲ್ ಚಾಟ್ ಬಳಸುವವರ ವಿಳಾಸ ಈಗಿನಂತೆಯೇ ಮುಂದುವರಿಯುತ್ತದೆ. ಆದರೆ ಸಂದೇಶ ಬರುವ ರೀತಿ ಎಲ್ಲರಿಗೂ ಬದಲಾಗುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಭಾಗದಲ್ಲಿ ಮುಂಗಾರು ಭತ್ತದ ಆವಕ ಶುರುವಾಗುವ ಮೊದಲೇ ಈ ಕೆಲಸ ಮುಗಿಯಲಿ ಎಂಬುದು ನಮ್ಮ ಅಪೇಕ್ಷೆ. ಗೇಟಿನ ಮುಂದೆ ಲಾರಿಗಳ ಸಾಲು ನಿಂತ ಮೇಲೆ ಇಂಥದ್ದಕ್ಕೆ ಯಾರಿಗೂ ಪುರಸೊತ್ತು ಸಿಗುವುದಿಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ಲಾರಿಯೊಂದು ಎರಡನೇ ಸಲ ಕಾಟಾದ ಮೇಲೆ ಹತ್ತಿ ಇಳಿದೊಡನೆ ವೇಬ್ರಿಡ್ಜ್‌ನ ಕಂಪ್ಯೂಟರು ‘ಒಟ್ಟು ತೂಕ 24,360 ಕೆ.ಜಿ., ಖಾಲಿ ತೂಕ 8,140 ಕೆ.ಜಿ., ನಿವ್ವಳ 16,220 ಕೆ.ಜಿ., ತೇವಾಂಶ ಶೇ. 17.5’ ಎಂಬಂಥ ಒಂದು ಸಾಲನ್ನು ಕಂಪ್ಯೂಟರುಗಳು ಓದಬಲ್ಲ ಜೇಸನ್ ಎಂಬ ನಮೂನೆಯಲ್ಲಿ ಕಟ್ಟಿ, ತಮ್ಮ ಚಾಟ್ ಗುಂಪಿಗೆಂದೇ ಮೀಸಲಾದ ಒಂದು ಉದ್ದನೆಯ ಅಂತರ್ಜಾಲ ವಿಳಾಸಕ್ಕೆ ಕಳುಹಿಸುತ್ತದೆ. ಆ ವಿಳಾಸಕ್ಕೆ ಬಂದದ್ದನ್ನು ಟೀಮ್ಸ್ ಅಥವಾ ಸ್ಲ್ಯಾಕ್ ಗುಂಪಿನಲ್ಲಿ ತೋರಿಸುತ್ತದೆ. ನಡುವೆ ಬಳಕೆದಾರರ ಹೆಸರಾಗಲಿ ಪಾಸ್‌ವರ್ಡ್ ಆಗಲಿ ಇರುವುದಿಲ್ಲ. ವಿಳಾಸ ಗೊತ್ತಿದ್ದರೆ ಸಾಕು. ಈ ಪತ್ರದ ಕೊನೆಯ ಭಾಗದಲ್ಲಿ ಹೇಳಿರುವ ಎಚ್ಚರಿಕೆಗೂ ಇದೇ ಕಾರಣ.

ಟೀಮ್ಸ್‌ನಲ್ಲಿ ಇದುವರೆಗೆ ಈ ವಿಳಾಸಗಳನ್ನು ಕೊಡುತ್ತಿದ್ದದ್ದು ಆಫೀಸ್ 365 ಕನೆಕ್ಟರ್ ಎಂಬ ಸೌಲಭ್ಯ. ಅದನ್ನು ಹಿಂತೆಗೆದುಕೊಳ್ಳುವುದಾಗಿ ಮೈಕ್ರೋಸಾಫ್ಟ್ 2024ರ ಜುಲೈನಲ್ಲಿ ಪ್ರಕಟಿಸಿ, ಅದೇ ವರ್ಷದ ಅಕ್ಟೋಬರ್ 1ಕ್ಕೆ ಎಲ್ಲವೂ ನಿಲ್ಲುತ್ತದೆ ಎಂದಿತ್ತು. ಬಳಕೆದಾರರ ಆಕ್ಷೇಪ ಬಂದ ನಂತರ ಗಡುವನ್ನು ಮೊದಲು 2025ರ ಡಿಸೆಂಬರಿಗೆ, ಆಮೇಲೆ 2026ಕ್ಕೆ ಮುಂದೂಡಿತು. ಗಡುವು ಮುಂದೆ ಹೋಗುತ್ತಿದೆ ಎಂಬ ಧೈರ್ಯದ ಮೇಲೆ ಕಾಯುತ್ತ ಕೂರುವುದು ನಮ್ಮ ದೃಷ್ಟಿಯಲ್ಲಿ ಸರಿಯಲ್ಲ. ಹಿಂತೆಗೆದುಕೊಳ್ಳುವ ನಿರ್ಧಾರವಂತೂ ಬದಲಾಗಿಲ್ಲ, ಹಾಗಾಗಿ ಹಳೆಯ ಕನೆಕ್ಟರು ಸುಗ್ಗಿಯ ನಡುವೆ ನಿಲ್ಲುವ ಮೊದಲು ನಾವೇ ಬಿಡುವಿನಲ್ಲಿ ಬದಲಾಯಿಸಿಕೊಳ್ಳುವುದು ಲೇಸು.

ಹೊಸ ದಾರಿಯ ಹೆಸರು ವರ್ಕ್‌ಫ್ಲೋಸ್. ಟೀಮ್ಸ್‌ನಲ್ಲಿ ತಮ್ಮ ಚಾನೆಲ್ (ಚಾಟ್ ಗುಂಪು) ಹೆಸರಿನ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿ, ವರ್ಕ್‌ಫ್ಲೋಸ್ ಆರಿಸಿಕೊಂಡು, ವೆಬ್‌ಹುಕ್ ಕೋರಿಕೆ ಬಂದಾಗ ಚಾನೆಲ್‌ಗೆ ಪೋಸ್ಟ್ ಮಾಡುವ ಸಿದ್ಧ ನಮೂನೆಯನ್ನು ತೆರೆದರೆ ಕೊನೆಗೆ ಒಂದು ವಿಳಾಸ ಸಿಗುತ್ತದೆ. ಇಷ್ಟು ಸುಲಭ. ಕಷ್ಟವಿರುವುದು ಅದನ್ನು ಯಾರ ಖಾತೆಯಿಂದ ತೆರೆಯಬೇಕು ಎಂಬಲ್ಲಿ. ವರ್ಕ್‌ಫ್ಲೋ ಅದನ್ನು ಮಾಡಿದ ವ್ಯಕ್ತಿಯ ಖಾತೆಗೆ ಅಂಟಿಕೊಂಡಿರುತ್ತದೆ. ಗುಮಾಸ್ತರೊಬ್ಬರು ತಮ್ಮ ಖಾತೆಯಿಂದ ಮಾಡಿಕೊಟ್ಟು, ಆರು ತಿಂಗಳ ನಂತರ ಕೆಲಸ ಬಿಟ್ಟು, ಅವರ ಖಾತೆ ಮುಚ್ಚಿದರೆ ಸಂದೇಶಗಳೂ ನಿಂತುಹೋಗಬಹುದು. ಆದ್ದರಿಂದ ಮಿಲ್ಲಿನ ಹೆಸರಿನಲ್ಲಿರುವ, ಮಾಲೀಕರ ಅಥವಾ ಪಾಲುದಾರರ ಹಿಡಿತದಲ್ಲಿರುವ ಖಾತೆಯಿಂದಲೇ ಇದನ್ನು ಮಾಡಿ, ಇನ್ನೊಬ್ಬರನ್ನು ಸಹ-ಮಾಲೀಕರನ್ನಾಗಿ ಸೇರಿಸಬೇಕೆಂದು ಕೋರುತ್ತೇವೆ. ನಾವೇ ಮಾಡಿಕೊಡುತ್ತೇವೆ ಎಂದು ಹೇಳದಿರುವುದಕ್ಕೂ ಕಾರಣ ಇದೇ: ನಿಮ್ಮ ಮಿಲ್ಲಿನ ಸಂದೇಶ ವ್ಯವಸ್ಥೆ ನಮ್ಮ ನೌಕರರೊಬ್ಬರ ಖಾತೆಗೆ ಜೋತುಬೀಳಬಾರದು. ಬೇಕಿದ್ದವರಿಗೆ ಫೋನಿನಲ್ಲಿ ಜೊತೆಗಿದ್ದು ಹಂತಹಂತವಾಗಿ ಹೇಳಿಕೊಡುತ್ತೇವೆ.

ನಮ್ಮ ಭಾಗದ ಮಿಲ್ಲುಗಳಿಗೆ ಮುಖ್ಯವಾದ ಇನ್ನೊಂದು ನಿಯಮವಿದೆ. ಸಾಮಾನ್ಯ ಮೈಕ್ರೋಸಾಫ್ಟ್ 365 ಪರವಾನಗಿಯಡಿ ಮಾಡಿದ ವರ್ಕ್‌ಫ್ಲೋ 90 ದಿನ ಚಟುವಟಿಕೆಯಿಲ್ಲದೆ ಬಿದ್ದಿದ್ದರೆ ಅದನ್ನು ಆಫ್ ಮಾಡಲಾಗುತ್ತದೆ. ಬೆಂಗಳೂರಿನ ಕಚೇರಿಯೊಂದಕ್ಕೆ ಇದು ಲೆಕ್ಕಕ್ಕೇ ಬರದ ಮಾತು. ಆದರೆ ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಯ ನೀರು ಬಿಡದ ವರ್ಷ ಮಿಲ್ಲು ತಿಂಗಳುಗಟ್ಟಲೆ ಮುಚ್ಚಿರುತ್ತದೆ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳಂತೂ ಸೀಸನ್ ಮುಗಿದ ಮೇಲೆ ಮುಂದಿನ ಬಿಡಿಸುವ ಕಾಲದವರೆಗೆ ಬಾಗಿಲು ತೆರೆಯುವುದಿಲ್ಲ. ಅಷ್ಟು ದಿನ ಒಂದೂ ತೂಕ ಆಗದಿದ್ದರೆ, ಮೊದಲ ಲಾರಿ ಬಂದ ದಿನವೇ ಸಂದೇಶ ಬರುವುದಿಲ್ಲ. ಇದನ್ನು ತಪ್ಪಿಸಲು ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ‘ಸಂಪರ್ಕ ಸರಿಯಾಗಿದೆ’ ಎಂಬ ಒಂದು ಸಾಲಿನ ಸಂದೇಶವನ್ನು, ಮಿಲ್ಲಿನ ಕಂಪ್ಯೂಟರು ಆಫ್ ಆಗಿದ್ದರೂ ಹೋಗುವಂತೆ, ನಮ್ಮ ಸರ್ವರಿನಿಂದಲೇ ಕಳುಹಿಸಲಿದ್ದೇವೆ.

ಈ ಸಾಲು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಸ್ಲ್ಯಾಕ್ ಸಂದೇಶವನ್ನು ಒಪ್ಪಿಕೊಂಡರೆ ‘ಓಕೆ’ ಎಂದು ಮರುತ್ತರ ಕೊಡುತ್ತದೆ. ವರ್ಕ್‌ಫ್ಲೋಸ್ ಕೊಡುವ ಉತ್ತರ 202 ಎಂಬ ಸಂಕೇತ. ಕೋರಿಕೆ ಕೈಸೇರಿತು ಎಂದಷ್ಟೇ ಅದರ ಅರ್ಥ, ಚಾನೆಲ್‌ನಲ್ಲಿ ಕಾಣಿಸಿತು ಎಂದಲ್ಲ. ಒಳಗೆ ಎಲ್ಲೋ ತಡೆದು ನಿಂತರೆ ನಮ್ಮ ಕಡೆ ಎಲ್ಲವೂ ಸರಿಯಾಗಿರುವಂತೆಯೇ ತೋರುತ್ತದೆ. ಆ ಬೆಳಗಿನ ಸಾಲು ಕಾಣದಿದ್ದಾಗ ತಮ್ಮಿಂದ ಒಂದು ಕರೆ ಬಂದರೆ ಮಾತ್ರ ನಮಗೆ ತಿಳಿಯಲು ಸಾಧ್ಯ.

ಎರಡನೆಯ ಬದಲಾವಣೆ ಸಂದೇಶಗಳ ಸಂಖ್ಯೆಗೆ ಸಂಬಂಧಿಸಿದ್ದು. ಇನ್ನು ಮುಂದೆ ಸಾಮಾನ್ಯ ತೂಕದ ವಿವರಗಳನ್ನು ಹತ್ತು ನಿಮಿಷಕ್ಕೊಮ್ಮೆ ಒಟ್ಟುಗೂಡಿಸಿ ಒಂದೇ ಸಂದೇಶವಾಗಿ ಕಳುಹಿಸುತ್ತೇವೆ. ಡ್ರೈಯರ್‌ನ ಶಾಖ ಮಿತಿ ಮೀರಿದರೆ, ಕರೆಂಟು ಹೋದರೆ, ಅಥವಾ ತೂಕವನ್ನು ಕೈಯಾರೆ ತಿದ್ದಿದರೆ ಮಾತ್ರ ಆ ಕ್ಷಣವೇ ಪ್ರತ್ಯೇಕ ಸಂದೇಶ ಬರುತ್ತದೆ. ಇದಕ್ಕೆ ಕಾರಣವಿದೆ. ಈಗಿನ ಕ್ರಮದಲ್ಲಿ ಇಂಟರ್ನೆಟ್ ಕಡಿದುಹೋಗಿ ಎರಡು ತಾಸಿನ ನಂತರ ಬಂದಾಗ ಬಾಕಿ ನಿಂತ ಸಾಲುಗಳೆಲ್ಲ ಒಮ್ಮೆಲೇ ಹೊರಡುತ್ತವೆ. ಸ್ಲ್ಯಾಕ್ ಮತ್ತು ಗೂಗಲ್ ಚಾಟ್ ಎರಡೂ ಒಂದು ಗುಂಪಿಗೆ ಸೆಕೆಂಡಿಗೆ ಸುಮಾರು ಒಂದು ಸಂದೇಶವನ್ನಷ್ಟೇ ಒಪ್ಪುತ್ತವೆ. ಮಿತಿ ಮೀರಿದರೆ 429 ಎಂಬ ಸಂಕೇತದೊಡನೆ ತಿರಸ್ಕರಿಸುತ್ತವೆ. ನೂರು ತೂಕದ ಸಾಲುಗಳ ನಡುವೆ ಡ್ರೈಯರ್‌ನ ಎಚ್ಚರಿಕೆ ಹೂತುಹೋಗುವುದು ಅದಕ್ಕಿಂತಲೂ ದೊಡ್ಡ ತೊಂದರೆ. ಹಾಗೆಂದು ಒಟ್ಟುಗೂಡಿಸುವುದಕ್ಕೂ ಮಿತಿಯಿದೆ: ಟೀಮ್ಸ್‌ನಲ್ಲಿ ಒಂದು ಸಂದೇಶ 28 ಕಿಲೋಬೈಟ್ ಮೀರಬಾರದು, ಮತ್ತು ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ‘ಕ’ಕ್ಕೆ ಮೂರು, ‘ಕ್ಷ’ಕ್ಕೆ ಒಂಬತ್ತು ಬೈಟ್ ಬೇಕು. ಅದಕ್ಕಾಗಿ ಕನ್ನಡವನ್ನು ಬಿಡುವ ಯೋಚನೆ ನಮಗಿಲ್ಲ; ಪಟ್ಟಿ ಉದ್ದವಾದರೆ ಎರಡು ಸಂದೇಶಗಳಾಗಿ ಒಡೆಯುತ್ತೇವೆ.

ಹೊಸ ವಿಳಾಸವನ್ನು ನಮ್ಮ ತಂತ್ರಾಂಶದ ಸೆಟ್ಟಿಂಗ್ಸ್ ಪುಟದಲ್ಲಿ ತಾವೇ ನೇರವಾಗಿ ಅಂಟಿಸಬೇಕು. ದಯವಿಟ್ಟು ಅದನ್ನು ವಾಟ್ಸಾಪ್‌ನಲ್ಲಿ ಕಳುಹಿಸಬೇಡಿ, ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಬೇಡಿ. ಆ ವಿಳಾಸ ಸಿಕ್ಕವರು ನಿಮ್ಮ ಗುಂಪಿನ ಮಾತುಗಳನ್ನು ಓದಲಾರರು. ಆದರೆ ನಮ್ಮ ಸಂದೇಶದಂತೆಯೇ ಕಾಣುವ ಸುಳ್ಳು ತೂಕವೊಂದನ್ನು ಹಾಕಬಲ್ಲರು. ಹಾಗೆಯೇ, ಹಣ ಪಾವತಿಗೆ ಆಧಾರವಾಗಬೇಕಾದ್ದು ಮುದ್ರಿತ ಕಾಟಾ ಚೀಟಿಯೇ ಹೊರತು ಚಾಟ್ ಸಂದೇಶವಲ್ಲ. ವಿಳಾಸ ಹೊರಬಿದ್ದಿದೆ ಎಂಬ ಅನುಮಾನ ಬಂದರೆ ಹಳೆಯದನ್ನು ಅಳಿಸಿ ಹೊಸದನ್ನು ತೆರೆಯುವುದು ಐದು ನಿಮಿಷದ ಕೆಲಸ.

ಇದೆಲ್ಲ ವಾಟ್ಸಾಪ್ ಗುಂಪಿಗೇ ಬರುವಂತೆ ಮಾಡಬಾರದೇ ಎಂದು ಹಲವರು ಕೇಳುತ್ತಾರೆ. ವಾಟ್ಸಾಪ್‌ನ ಸಾಮಾನ್ಯ ಗುಂಪುಗಳಿಗೆ ಇಂಥ ಅಧಿಕೃತ ವೆಬ್‌ಹುಕ್ ವಿಳಾಸವಿಲ್ಲ. ವ್ಯಾಪಾರಿಗಳಿಗೆಂದು ಇರುವ ಸೇವೆಯಲ್ಲಿ ನಾವಾಗಿಯೇ ಕಳುಹಿಸುವ ಸಂದೇಶ ಮೊದಲೇ ಅನುಮೋದನೆ ಪಡೆದ ನಮೂನೆಯಲ್ಲಿರಬೇಕು, ಅದಕ್ಕೆ ಶುಲ್ಕವೂ ಇದೆ. ಅನಧಿಕೃತ ತಂತ್ರಾಂಶಗಳಿಂದ ಮಾಡಿಸಿದರೆ ನಿಮ್ಮ ನಂಬರೇ ನಿಷೇಧಕ್ಕೆ ಒಳಗಾಗುವ ಅಪಾಯವಿರುವುದರಿಂದ ನಾವು ಅದಕ್ಕೆ ಕೈಹಾಕುವುದಿಲ್ಲ.

ಈ ಬದಲಾವಣೆಗೆ ನಾವು ಯಾವ ಶುಲ್ಕವನ್ನೂ ಪಡೆಯುವುದಿಲ್ಲ. ಹೊಸ ವಿಳಾಸ ನಮೂದಾಗುವವರೆಗೆ ತೂಕದ ದಾಖಲೆಗಳು ಎಂದಿನಂತೆ ವೇಬ್ರಿಡ್ಜ್‌ನ ಕಂಪ್ಯೂಟರಿನಲ್ಲಿ ಉಳಿಯುತ್ತವೆ, ಚೀಟಿಯೂ ಮುದ್ರಣವಾಗುತ್ತದೆ. ವಿಳಾಸ ನಮೂದಿಸಿದ ಕೂಡಲೇ ‘ಪರೀಕ್ಷೆ’ ಗುಂಡಿ ಒತ್ತಿ, ಚಾನೆಲ್‌ನಲ್ಲಿ ಸಾಲು ಕಂಡದ್ದನ್ನು ನೋಡಿಕೊಂಡ ನಂತರವೇ ಹಳೆಯ ಕನೆಕ್ಟರನ್ನು ತೆಗೆಯಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಗ್ರಾಹಕ ಸೇವಾ ವಿಭಾಗ